ಬರೀ ಡೇಟ್ ತಗೊಳ್ಳೋ ಜೂನಿಯರ್: ಬಿಡಬೇಕಾದ್ದು ವೃತ್ತಿಯನ್ನಾ, ಆಫೀಸನ್ನಾ?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವಳು. ಅಪ್ಪ ರೈತರು, ನಮ್ಮ ಮನೆತನದಲ್ಲಿ ವಕೀಲರು ಯಾರೂ ಇಲ್ಲ. ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿ ಸನ್ನದು ತೆಗೆದುಕೊಂಡು ಒಂದೂವರೆ ವರ್ಷವಾಯಿತು. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಹೆಸರಿರುವ ಒಬ್ಬ ಸೀನಿಯರ್ ಆಫೀಸಿನಲ್ಲಿದ್ದೇನೆ. ಕೇಸಿಗೆ ಮುಂದಿನ ಡೇಟ್ ತಗೊಳ್ಳೋದು, ಕಾಪಿ ಅರ್ಜಿ ಹಾಕೋದು, ಝೆರಾಕ್ಸ್ ಮಾಡಿಸೋದು, ಇಷ್ಟೇ ಕೆಲಸ. ಒಂದು ತಿಂಗಳು ನಾಲ್ಕು ಸಾವಿರ ಕೊಟ್ಟರೆ ಇನ್ನೊಂದು ತಿಂಗಳು ಏನೂ ಇಲ್ಲ. ಜೊತೆಗೆ ಓದಿದ ಗೆಳತಿ ಬೆಂಗಳೂರಿನ ಕಂಪನಿಯೊಂದರಲ್ಲಿ ಕಾಂಟ್ರಾಕ್ಟ್ ನೋಡುವ ಕೆಲಸಕ್ಕೆ ಸೇರಿದ್ದಾಳೆ, ನನ್ನನ್ನೂ ಕರೆಯುತ್ತಿದ್ದಾಳೆ. ಮನೆಯಲ್ಲಿ ಜಡ್ಜ್ ಪರೀಕ್ಷೆ ಬರಿ ಅಂತಾರೆ. ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ) ಒಂದು ಸಲ ಬರೆದೆ, ಪಾಸಾಗಲಿಲ್ಲ. ಕನ್ನಡ ಮಾಧ್ಯಮದವಳು, ಇಂಗ್ಲಿಷ್ ಅಂದರೆ ಭಯ. ಈ ನಡುವೆ ಚಿಕ್ಕಪ್ಪನ ಮಗ ತನ್ನ ಹೊಲದ ಕೇಸು ನೀನೇ ಹಾಕು ಅಂತ ಬೆನ್ನು ಬಿದ್ದಿದ್ದಾನೆ. ಅವನ ಹತ್ತಿರ ಫೀ ಕೇಳೋದು ಹೇಗೆ? ನಾನು ಈ ವೃತ್ತಿಯಲ್ಲಿ ಇರಬೇಕಾ, ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ. ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ವೃತ್ತಿ ಬಿಡಬೇಡಿ. ಆಫೀಸು ಬಿಡಬೇಕಾಗಬಹುದು. ಇವೆರಡೂ ಬೇರೆ ಬೇರೆ, ಆದರೆ ಮೊದಲ ಎರಡು ವರ್ಷ ಒಬ್ಬ ಸೀನಿಯರ್ ಅಂದರೇನೇ ಇಡೀ ವೃತ್ತಿ ಅನ್ನಿಸಿಬಿಡುತ್ತೆ. ಹೊರಬಿದ್ದ ಎಷ್ಟೋ ಹುಡುಗ ಹುಡುಗಿಯರು 'ನನಗೆ ವಕೀಲಿ ಒಗ್ಗಲಿಲ್ಲ' ಅಂತಾರೆ. ಕೆದಕಿ ಕೇಳಿದರೆ ಗೊತ್ತಾಗುತ್ತೆ, ಅವರ ಕೈಗೆ ವಕೀಲಿ ಕೆಲಸವನ್ನು ಯಾರೂ ಕೊಟ್ಟೇ ಇರಲಿಲ್ಲ.

ಅದಕ್ಕೂ ಮುಂಚೆ ಅರ್ಜೆಂಟ್ ವಿಷಯ. ಎಐಬಿಇಯನ್ನು ನೀವು ಹತ್ತರಲ್ಲಿ ಹನ್ನೊಂದು ಎಂಬಂತೆ ಹೇಳಿದ್ದೀರಿ, ಅದು ಮೊದಲನೆಯದಾಗಬೇಕು. ಸನ್ನದು ಸಿಕ್ಕ ಎರಡು ವರ್ಷದೊಳಗೆ ಅದನ್ನು ಪಾಸು ಮಾಡಬೇಕು, ಇಲ್ಲದಿದ್ದರೆ ಪ್ರಾಕ್ಟೀಸ್ ಮಾಡುವ ಹಕ್ಕು ನಿಲ್ಲುತ್ತೆ. ನಿಮಗಿರುವುದು ಇನ್ನು ಆರು ತಿಂಗಳು. ಪರೀಕ್ಷೆ ತಿಂಗಳಿಗೊಮ್ಮೆ ಬರುವಂಥದ್ದಲ್ಲ. ಈ ಪರೀಕ್ಷೆಯೇ ಸರಿಯಲ್ಲ ಎಂಬ ವಾದವೂ ಮುಗಿದಿದೆ, 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದಿದೆ. ನೂರು ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಬರೀ ಕಾಯ್ದೆಯ ಪಠ್ಯವಿರುವ ಪುಸ್ತಕ) ಒಳಗೆ ಒಯ್ಯಬಹುದು, ಕನ್ನಡದಲ್ಲೇ ಬರೆಯಬಹುದು. ಇದರಲ್ಲಿ ಫೇಲಾಗುವವರಿಗೆ ಕಾನೂನು ಬರಲ್ಲ ಅಂತ ಅಲ್ಲ, ಬೇರ್ ಆಕ್ಟಿನಲ್ಲಿ ಯಾವುದು ಎಲ್ಲಿದೆ ಎಂದು ಬೇಗ ಹುಡುಕಲು ಬರಲ್ಲ. ಗೈಡು ಬದಿಗಿಡಿ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಅಧಿನಿಯಮ ಇಷ್ಟರ ವಿಷಯಸೂಚಿ ಕಣ್ಣಿಗೆ ಕಟ್ಟುವಷ್ಟು ಸಲ ತಿರುವಿ ಹಾಕಿ. ಕೋರ್ಟಿನಲ್ಲೂ ಅದೇ ಉಪಯೋಗಕ್ಕೆ ಬರುತ್ತೆ.

ಈಗ ದುಡ್ಡು. ನಾಲ್ಕು ಸಾವಿರ, ಅದೂ ಬಂದರೆ ಬಂತು ಎನ್ನುವುದು ತಪ್ಪು. 'ನಾವೂ ಉಪವಾಸ ಬಿದ್ದೇ ಕಲಿತದ್ದು' ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಉಪವಾಸ ಬಿದ್ದದ್ದು ನಿಜವಿರಬಹುದು, ಕಲಿತದ್ದು ಮಾತ್ರ ಫೈಲಿನಿಂದ. ಸಂಬಳವಿಲ್ಲದ ಮೂರು ವರ್ಷವನ್ನು ಯಾರು ತಡೆದುಕೊಳ್ಳುತ್ತಾರೆ? ಮನೆಯಲ್ಲಿ ಆಸ್ತಿ ಇರುವವರು, ಅಪ್ಪನ ಆಫೀಸು ಇರುವವರು. ನಿಮ್ಮಂಥವರೆಲ್ಲ ಹೋದ ಮೇಲೆ ಕೋರ್ಟಿನಲ್ಲಿ ಕಪ್ಪು ಕೋಟು ಹಾಕಿಕೊಂಡು ಉಳಿಯುವವರು ಯಾರು ಅಂತ ನೀವೇ ಲೆಕ್ಕ ಹಾಕಿ.

2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಕಳಿಸಿತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಅದರಲ್ಲಿದೆ. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ತಾಲ್ಲೂಕು ಕೋರ್ಟಿನ ಎಷ್ಟೋ ಸೀನಿಯರ್‌ಗಳಿಗೆ ಅವರಿಗೇ ತಿಂಗಳ ವರಮಾನ ಖಾತ್ರಿ ಇರುವುದಿಲ್ಲ, ಅದೂ ನಿಜ. ಹಾಗಾಗಿ ಸುತ್ತೋಲೆ ಹಿಡಿದು ಜಗಳಕ್ಕೆ ಹೋಗಬೇಡಿ. ಶನಿವಾರ ಸಂಜೆ ಕಕ್ಷಿದಾರರೆಲ್ಲ ಹೋದ ಮೇಲೆ ಕೂತು ಕೇಳಿ: 'ಸರ್, ಬಸ್ಸು, ಊಟ, ಫೋನು ಅಂತ ತಿಂಗಳಿಗೆ ಇಷ್ಟಾಗುತ್ತೆ. ಅಷ್ಟು ಪ್ರತಿ ತಿಂಗಳು ಒಂದೇ ತಾರೀಖಿಗೆ ಸಿಕ್ಕರೆ ನನಗೆ ಮನೆಯಲ್ಲಿ ಕೇಳೋದು ತಪ್ಪುತ್ತೆ. ನಾನು ಡ್ರಾಫ್ಟ್ ಮಾಡಿದ ಕೇಸಿಗೆ ನಿಮಗೆ ಸರಿ ಅನ್ನಿಸಿದಷ್ಟು ಬೇರೆ ಕೊಡಿ.' ಮೊತ್ತಕ್ಕಿಂತ ತಾರೀಖು ಮುಖ್ಯ. ಹೀಗೆ ಕೇಳಿದರೆ ಇಲ್ಲ ಎನ್ನುವವರು ಕಮ್ಮಿ. ಇಲ್ಲ ಎಂದರೆ ಅದೂ ಒಂದು ಉತ್ತರವೇ, ನೆನಪಿಟ್ಟುಕೊಳ್ಳಿ.

ಜೊತೆಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಸಮುದಾಯಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ಇಲಾಖೆಗಳಿಂದ ತರಬೇತಿ ಶಿಷ್ಯವೇತನ ಇದೆ. ವಯಸ್ಸು, ಆದಾಯದ ಷರತ್ತುಗಳಿವೆ. ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸಿ. ನಿಮ್ಮ ತಾಲ್ಲೂಕಿನಲ್ಲಿ ಇದು ಗೊತ್ತಿಲ್ಲದೆ ಅವಧಿ ಮೀರಿಸಿಕೊಂಡವರು ಖಂಡಿತ ಇರುತ್ತಾರೆ.

ಸಣ್ಣ ಆದಾಯದ ದಾರಿ ಇನ್ನೂ ಇವೆ. ಜಮೀನು ಕೊಳ್ಳುವ ಮುಂಚೆ ಕಾಗದಪತ್ರ ನೋಡಿಸುವ ಜನ ಈಗ ಜಾಸ್ತಿ. ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿ ಇಸಿ (ಋಣಭಾರ ಪತ್ರ), ಕಂದಾಯ ಇಲಾಖೆಯ 'ಭೂಮಿ'ಯಲ್ಲಿ ಪಹಣಿ ಮತ್ತು ಮ್ಯುಟೇಷನ್ ತೆಗೆದು, ಮೂವತ್ತು ವರ್ಷದ ಕೈಬದಲಾವಣೆಯನ್ನು ಎರಡು ಪುಟದಲ್ಲಿ ಬರೆದುಕೊಡುವ ಕೆಲಸ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಇನ್ನೊಂದು ಅನುವಾದ. ಸುಪ್ರೀಂ ಕೋರ್ಟಿಗೆ ಹೋಗುವ ಕೇಸಿನಲ್ಲಿ ಕನ್ನಡದ ಸಾಕ್ಷ್ಯ, ಕನ್ನಡದ ದಾಖಲೆ ಎಲ್ಲದಕ್ಕೂ ಇಂಗ್ಲಿಷ್ ಅನುವಾದ ಬೇಕೇ ಬೇಕು. ಹೈಕೋರ್ಟಿನ ಧಾರವಾಡ ಪೀಠದ ವಕೀಲರಲ್ಲಿ ಇಬ್ಬರು ಮೂವರ ಪರಿಚಯ ಮಾಡಿಕೊಂಡರೆ ಪುಟಕ್ಕಿಷ್ಟು ಅಂತ ಕೆಲಸ ಸಿಗುತ್ತೆ. ರೀಲ್ಸ್ ಮಾಡಿ ಕಕ್ಷಿದಾರರನ್ನು ಹಿಡಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ವಕೀಲರು ಜಾಹೀರಾತು ಮಾಡಿ ಕೇಸು ಕರೆಯುವುದನ್ನು ಪರಿಷತ್ತಿನ 36ನೇ ನಿಯಮ ಒಪ್ಪುವುದಿಲ್ಲ.

ಇನ್ನು ನಿಮ್ಮ ಮುಖ್ಯ ಕೊರಗು: ಬರೀ ಡೇಟ್ ತಗೊಳ್ಳೋದು. ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಅರ್ಧ ಪರಿಹಾರ ಸೀನಿಯರ್ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ.

ದಿನಾ ಏನಾಗುತ್ತೆ? ಕೇಸು ಕೂಗುತ್ತಾರೆ. ನೀವು ಎದ್ದು 'ಸೀನಿಯರ್ ಇನ್ನೊಂದು ಕೋರ್ಟಿನಲ್ಲಿದ್ದಾರೆ, ಟೈಮ್ ಕೊಡಿ' ಅಂತೀರಿ. ಸಿಪಿಸಿಯ 17ನೇ ಆರ್ಡರ್, 1ನೇ ರೂಲ್ ತೆಗೆದು ಓದಿ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎನ್ನುವುದು ಮುಂದೂಡಲು ಕಾರಣವೇ ಅಲ್ಲ ಎಂದು ಅದರಲ್ಲಿ ಬರೆದಿದೆ. ದಾವೆಯ ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಜಾಸ್ತಿ ಮುಂದೂಡಿಕೆ ಕೊಡಬಾರದು ಅಂತಲೂ ಇದೆ. ಅಂದರೆ ಕಾನೂನು ಯಾವುದನ್ನು ಕಾರಣವಲ್ಲ ಅನ್ನುತ್ತೋ ಅದನ್ನೇ ನಮ್ಮ ಜೂನಿಯರ್‌ಗಳು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ನ್ಯಾಯಾಧೀಶರು ಸಿಡುಕುವುದು ಸುಮ್ನೆ ಅಲ್ಲ.

ಹಿಂದಿನ ಸಂಜೆ ಮರುದಿನದ ಫೈಲುಗಳನ್ನು ಎತ್ತಿಕೊಳ್ಳಿ. ಎಲ್ಲ ಬೇಡ, ಎರಡು ಸಾಕು. ಇ-ಕೋರ್ಟ್ಸ್ ಆಪ್‌ನಲ್ಲಿ ಕೇಸು ಯಾವ ಹಂತದಲ್ಲಿದೆ, ಹಿಂದಿನ ಆರ್ಡರ್ ಏನು ಎಂದು ನೋಡಿ. ಆಮೇಲೆ ಡೈರಿಯಲ್ಲಿ ಒಂದೇ ಸಾಲು ಬರೆಯಿರಿ: ಸೀನಿಯರ್ ಬರದಿದ್ದರೂ ಈ ಕೇಸನ್ನು ನಾಳೆ ಒಂದು ಹೆಜ್ಜೆ ಮುಂದೆ ಒಯ್ಯಲು ಏನು ಮಾಡಬಹುದು? ಸಮನ್ಸ್ ಹಂತವಾದರೆ ಪ್ರೊಸೆಸ್ ಫೀ ಕಟ್ಟಿದೆಯಾ, ವಿಳಾಸ ಸರಿ ಇದೆಯಾ, ನೋಟಿಸು ಏನೆಂದು ವಾಪಸ್ ಬಂದಿದೆ. ಲಿಖಿತ ಹೇಳಿಕೆಯ (ಪ್ರತಿವಾದಿಯ ಉತ್ತರದ) ಹಂತವಾದರೆ ಅದನ್ನು ಹಾಕುವ ಮೂವತ್ತು ದಿನದ ಗಡುವು ಮುಗಿಯಿತಾ, ಹೆಚ್ಚೆಂದರೆ ಸಿಗುವ ತೊಂಬತ್ತು ಹತ್ತಿರ ಬಂತಾ. ಇಶ್ಯೂಸ್ (ಕೋರ್ಟು ತೀರ್ಮಾನಿಸಬೇಕಾದ ವಿವಾದಾಂಶಗಳು) ಹಂತವಾದರೆ ವಾದಪತ್ರ ಮತ್ತು ಲಿಖಿತ ಹೇಳಿಕೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಬ್ಬರು ಹೌದು ಎಂದು ಇನ್ನೊಬ್ಬರು ಅಲ್ಲ ಎಂದ ಜಾಗಗಳನ್ನೆಲ್ಲ ಗುರುತು ಹಾಕಿ ಡ್ರಾಫ್ಟ್ ಇಶ್ಯೂಸ್ ಬರೆದುಕೊಂಡು ಹೋಗಿ. 'ಡ್ರಾಫ್ಟ್ ಇಶ್ಯೂಸ್ ತಂದಿದ್ದೇನೆ' ಎಂದು ಒಬ್ಬ ಜೂನಿಯರ್ ಕಾಗದ ಮುಂದಿಟ್ಟರೆ ನ್ಯಾಯಾಧೀಶರು ತಲೆ ಎತ್ತಿ ನೋಡುತ್ತಾರೆ. ಎದುರು ವಕೀಲರೂ ನೋಡುತ್ತಾರೆ. ಮುಂದೆ ನಿಮಗೆ ಕೇಸು ಕಳಿಸುವವರು ಇವರೇ.

ಜೂನಿಯರ್ ಒಬ್ಬಳೇ ನಿಂತು ಇಡೀ ಕೇಸು ಉಳಿಸಬಹುದಾದ ಒಂದು ಜಾಗ ಹೇಳುತ್ತೇನೆ. ಎದುರು ಪಕ್ಷದ ಸಾಕ್ಷಿ ಅಫಿಡವಿಟ್ ಹಾಕಿ ದಾಖಲೆಗಳನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಗುರುತು ಮಾಡಿಸುವ ದಿನ. ಎಲ್ಲರೂ ಇದನ್ನು ಸಪ್ಪೆ ದಿನ ಅಂದುಕೊಂಡು ಜೂನಿಯರ್‌ನ ಕಳಿಸುತ್ತಾರೆ. ಸಾಕ್ಷಿ ಒಂದು ಖರೀದಿ ಕರಾರು ಪತ್ರ ಕೊಡುತ್ತಾನೆ ಅಂತಿಟ್ಟುಕೊಳ್ಳಿ. ಇನ್ನೂರು ರೂಪಾಯಿ ಸ್ಟಾಂಪ್ ಕಾಗದ. ನಡುವೆ ಎಲ್ಲೋ ಒಂದು ಸಾಲು: 'ಸದರಿ ಜಮೀನಿನ ಸ್ವಾಧೀನವನ್ನು ಈ ದಿನವೇ ನಿಮಗೆ ಬಿಟ್ಟುಕೊಟ್ಟಿರುತ್ತೇನೆ.' ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕ ಸ್ಟಾಂಪ್ ಕಾಯ್ದೆಯಲ್ಲಿ ಕ್ರಯಪತ್ರದ ಲೆಕ್ಕದಲ್ಲಿ ಸ್ಟಾಂಪ್ ಕಟ್ಟಬೇಕು. ಸ್ಟಾಂಪ್ ಕಮ್ಮಿ ಇರುವ ದಾಖಲೆಯನ್ನು 34ನೇ ಸೆಕ್ಷನ್ ಪ್ರಕಾರ ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ, ಕಮ್ಮಿ ಬಿದ್ದ ಸ್ಟಾಂಪನ್ನೂ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾಗುತ್ತೆ. ಆದರೆ ಆ ಕಾಗದದ ಮೇಲೆ ಗುರುತಿನ ಮೊಹರು ಬೀಳುವ ಮುಂಚೆ ನೀವು ಎದ್ದು ನಿಲ್ಲಬೇಕು. ತಕರಾರಿಲ್ಲದೆ ಒಮ್ಮೆ ಗುರುತಾಯಿತೋ, 35ನೇ ಸೆಕ್ಷನ್ ಬಾಗಿಲು ಹಾಕುತ್ತೆ. ಆಮೇಲೆ ನಿಮ್ಮ ಸೀನಿಯರ್ ಬಂದು ಎಷ್ಟು ವಾದ ಮಾಡಿದರೂ ಸ್ಟಾಂಪ್ ವಿಷಯ ಎತ್ತಲು ಆಗುವುದಿಲ್ಲ. ನೀವು ಹೇಳಬೇಕಾದ್ದು ಒಂದು ವಾಕ್ಯ: 'ಸ್ಟಾಂಪ್ ಸಾಲದು, ಗುರುತು ಮಾಡಲು ನಮ್ಮ ತಕರಾರಿದೆ, ದಯವಿಟ್ಟು ದಾಖಲಿಸಿಕೊಳ್ಳಿ.' ಇದನ್ನು ಹೇಳಲು ಮೂವತ್ತು ವರ್ಷದ ಅನುಭವ ಬೇಡ. ಎದುರಿನವರು ಕೊಟ್ಟ ದಾಖಲೆಗಳ ನಕಲನ್ನು ಹಿಂದಿನ ರಾತ್ರಿ ಓದಿರಬೇಕು, ಅಷ್ಟೇ.

ಡ್ರಾಫ್ಟಿಂಗ್ ವಿಷಯ. 'ನನಗೆ ಡ್ರಾಫ್ಟ್ ಕೊಡಿ' ಎಂದು ಕೇಳಬೇಡಿ. ಕೇಳದೆ ಮಾಡಿಕೊಂಡು ಹೋಗಿ. ಕಕ್ಷಿದಾರ ಕೂತು ಕಥೆ ಹೇಳುವಾಗ ಮೂಲೆಯಲ್ಲಿ ಕೂತು ಬರೆದುಕೊಳ್ಳಿ. ಆ ರಾತ್ರಿಯೇ ವಾದಪತ್ರದ ಒಂದು ಕರಡು ಮಾಡಿ ಬೆಳಿಗ್ಗೆ ಟೇಬಲ್ ಮೇಲಿಡಿ. ಸೀನಿಯರ್ ಅದರಲ್ಲಿ ಮುಕ್ಕಾಲು ಹೊಡೆದು ಹಾಕುತ್ತಾರೆ. ಹೊಡೆದು ಹಾಕಿದ ಆ ಕಾಗದವನ್ನು ಎಸೆಯಬೇಡಿ, ಪಾಠ ಇರುವುದು ಅದರಲ್ಲೇ.

ಹೊಸಬರು ಎಲ್ಲಿ ಎಡವುತ್ತಾರೆ ಅಂದರೆ ದಾವಾ ಕಾರಣದ ಪ್ಯಾರಾದಲ್ಲಿ, ಅಂದರೆ ದಾವೆ ಹೂಡುವಂತೆ ಮಾಡಿದ ಘಟನೆ ಹೇಳುವ ಜಾಗದಲ್ಲಿ. ತಡೆಯಾಜ್ಞೆ ದಾವೆಯ ಕರಡುಗಳಲ್ಲಿ ನಾನು ಪದೇ ಪದೇ ನೋಡುವ ಸಾಲು ಇದು: 'ಪ್ರತಿವಾದಿಯು ವಾದಿಯ ಶಾಂತಿಯುತ ಸ್ವಾಧೀನಕ್ಕೆ ವಿನಾಕಾರಣ ಅಡ್ಡಿಪಡಿಸುತ್ತಿದ್ದು, ವಾದಿಗೆ ತುಂಬಲಾರದ ನಷ್ಟವಾಗುತ್ತಿದೆ.' ಓದಲು ಗಂಭೀರವಾಗಿದೆ, ಒಳಗೆ ಏನೂ ಇಲ್ಲ. ಯಾವತ್ತು? ಯಾವ ಹೊತ್ತು? ಹೊಲದ ಯಾವ ದಿಕ್ಕು? ಯಾರು ನೋಡಿದರು? ಅದೇ ಕಕ್ಷಿದಾರ ನಿಮ್ಮೆದುರು ಕೂತು 'ಅಮಾವಾಸ್ಯೆ ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ತಂದು ಮೂಡಣ ದಿಕ್ಕಿನ ಬದು ಒಡೆದ್ರಿ, ನಾನು ಮತ್ತ ನಮ್ಮ ತಮ್ಮ ಅಡ್ಡ ನಿಂತ್ವಿ' ಎಂದು ಹೇಳಿರುತ್ತಾನೆ. ತಾರೀಖು ಲೆಕ್ಕ ಹಾಕಿ, ಸರ್ವೆ ನಂಬರ್ ಹಾಕಿ, ಅವನು ಹೇಳಿದ್ದನ್ನೇ ಬರೆಯಿರಿ. ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ ಓದುವ ನ್ಯಾಯಾಧೀಶರಿಗೆ ಆ ಒಡೆದ ಬದು ಕಾಣಬೇಕು. ನಮ್ಮ ಕಡೆಯ ಸಿವಿಲ್ ಡ್ರಾಫ್ಟಿಂಗ್ ಹಾಳಾಗಿರುವುದೇ ಹಳೆಯ ಫೈಲಿನಿಂದ ಪ್ಯಾರಾ ಎತ್ತಿ ಹಾಕುವ ಚಟದಿಂದ. ಈಗ ಅದಕ್ಕೆ ಕಂಪ್ಯೂಟರ್ ಬೇರೆ ಸೇರಿಕೊಂಡಿದೆ. ಎಐ ಬರೆದುಕೊಟ್ಟ ತೀರ್ಪಿನ ಹೆಸರನ್ನು ಮೂಲ ತೆಗೆದು ಓದದೆ ಎಂದೂ ಹಾಕಬೇಡಿ. 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳು ಸೇರಿಕೊಂಡದ್ದು ಹೈಕೋರ್ಟಿನ ಕಣ್ಣಿಗೆ ಬಿತ್ತು.

ನಿಮ್ಮ ಜಿಲ್ಲೆಯಲ್ಲಿ ಬರುವ ಸಿವಿಲ್ ಕೇಸುಗಳಲ್ಲಿ ಪಾಲಿನ ದಾವೆಗಳೇ ದೊಡ್ಡ ಪಾಲು. ಅದನ್ನೊಂದನ್ನು ಗಟ್ಟಿ ಮಾಡಿಕೊಳ್ಳಿ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಹದಾಯಾದಿ ಹಕ್ಕು (ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಪಾಲು) ಕೊಟ್ಟಿತು, ಆದರೆ ಅಷ್ಟೊತ್ತಿಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ತಿದ್ದುಪಡಿಯ ಹೊತ್ತಿಗೆ ಅಪ್ಪ ಬದುಕಿರಬೇಕಿತ್ತಾ ಎಂಬ ಗೊಂದಲವನ್ನು 2020ರ ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು, ಬದುಕಿರಬೇಕಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೂ ಮುಂಚೆ ನೋಂದಾಯಿತ ಪತ್ರದಿಂದ ಅಥವಾ ಡಿಕ್ರಿಯಿಂದ ಪಾಲಾಗಿ ಹೋಗಿದ್ದರೆ ಅದನ್ನು ಕೆದಕುವಂತಿಲ್ಲ. ಆದ್ದರಿಂದ ಅಣ್ಣತಮ್ಮಂದಿರ ಮಾಮೂಲು ತಕರಾರು 'ಅದು ಯಾವಾಗಲೋ ಬಾಯಿಮಾತಿನಲ್ಲಿ ಹಂಚಿಕೊಂಡಾಗಿದೆ' ಎನ್ನುವುದು. ಪಾಟೀಸವಾಲಿನಲ್ಲಿ ಇದನ್ನು ಹೇಗೆ ಹಿಡಿಯುತ್ತಾರೆ ನೋಡಿ.

'1998ರಲ್ಲೇ ಪಾಲಾಗಿದೆ ಅಂತೀರಿ. ಅದಾದ ಮೇಲೂ ಸೊಸೈಟಿ ಸಾಲಕ್ಕೆ ನೀವು ಅಣ್ಣತಮ್ಮಂದಿರು ಎಲ್ಲರೂ ಸೇರಿ ಸಹಿ ಹಾಕಿದ್ದೀರಿ?' 'ಹೌದು.' 'ಪಹಣಿಯ 9ನೇ ಕಾಲಂನಲ್ಲಿ ಇವತ್ತಿಗೂ ಎಲ್ಲರ ಹೆಸರು ಜಂಟಿಯಾಗಿದೆ?' 'ಹೌದು.' ಇಲ್ಲಿಗೆ ಕೂತುಬಿಡಬೇಕು. 'ಹಾಗಾದರೆ ಯಾಕೆ ಬೇರೆ ಮಾಡಿಸಲಿಲ್ಲ?' ಎಂದು ಕೇಳಲು ನಾಲಿಗೆ ತುರಿಸುತ್ತೆ. ಕೇಳಿದಿರೋ, 'ಪೋಡಿ ಮಾಡಿಸೋಕೆ ಸರ್ವೆಯವರು ಬರಲೇ ಇಲ್ಲ, ಮೂರು ಸಲ ಅರ್ಜಿ ಕೊಟ್ಟೆವು' ಎಂದು ಅವನು ಎರಡು ಉತ್ತರವನ್ನೂ ತೊಳೆದುಬಿಡುತ್ತಾನೆ. ಇದನ್ನು ಪುಸ್ತಕದಿಂದ ಕಲಿಯಲು ಆಗಲ್ಲ. ನಿಮ್ಮ ಕೇಸು ಕರೆಯುವವರೆಗೆ ಹೊರಗೆ ಕಾರಿಡಾರಿನಲ್ಲಿ ಫೋನು ನೋಡುತ್ತ ನಿಲ್ಲುವ ಬದಲು ಒಳಗೆ ಕೂತು ಬೇರೆಯವರ ಪಾಟೀಸವಾಲು ಕೇಳಿ. ಪುಕ್ಕಟೆ ಶಾಲೆ ಅದು.

ಕ್ರಿಮಿನಲ್ ಕಡೆ ನಿಮಗೆ ಅದೃಷ್ಟ ಒಲಿದಿದೆ ಎಂದೇ ಹೇಳಬೇಕು. 2024ರ ಜುಲೈ 1ರಿಂದ ಅಪರಾಧ, ಪ್ರಕ್ರಿಯೆ, ಸಾಕ್ಷ್ಯ ಮೂರೂ ಕಾನೂನು ಹೊಸದು. ನಮಗೆಲ್ಲ ಹಳೆಯ ಸೆಕ್ಷನ್ನುಗಳು ಬಾಯಿಗೆ ಕೂತುಬಿಟ್ಟಿವೆ, ಕಿತ್ತರೂ ಬರಲ್ಲ. 482 ಎಂದರೆ ನನಗೆ ಇವತ್ತಿಗೂ ಹೈಕೋರ್ಟಿನಲ್ಲಿ ಎಫ್‌ಐಆರ್ ರದ್ದು ಮಾಡಿಸುವ ಅರ್ಜಿ. ಹೊಸ ಬಿಎನ್‌ಎಸ್‌ಎಸ್‌ನಲ್ಲಿ ಅದು 528, 482 ನಿರೀಕ್ಷಣಾ ಜಾಮೀನು! ಹಳೆಯದು ಹೊಸದು ಎರಡರ ಹೊಂದಿಕೆ ನಾಲಿಗೆ ತುದಿಯಲ್ಲಿರುವ ಜೂನಿಯರ್ ಸಿಕ್ಕರೆ ಯಾವ ಸೀನಿಯರ್ ಆದರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಕ್ರಿಮಿನಲ್ ಕೆಲಸವೇ ಇಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆಯಲ್ಲಿ ಹೊಸಬರಿಗೂ ಸಹಾಯಕ ಹುದ್ದೆಗಳಿವೆ. ತಿಂಗಳ ಗೌರವಧನ ಇದೆ, ಸೆಷನ್ಸ್ ಕೇಸುಗಳ ಹತ್ತಿರದ ಪರಿಚಯ ಆಗುತ್ತೆ. ಪೂರ್ಣಾವಧಿ ಕೆಲಸ, ಖಾಸಗಿ ಕೇಸು ಹಿಡಿಯುವಂತಿಲ್ಲ. ಅಧಿಸೂಚನೆ ಬಂದಾಗ ಗಮನವಿಡಿ.

ಇಷ್ಟೆಲ್ಲ ಆರು ತಿಂಗಳು ಮಾಡಿ. ಆಮೇಲೂ ನಿಮ್ಮ ಕರಡನ್ನು ಅವರು ತೆರೆದು ನೋಡುವುದಿಲ್ಲ, ಸಣ್ಣ ಸಾಕ್ಷಿಯನ್ನೂ ನಿಮ್ಮ ಕೈಗೆ ಬಿಡುವುದಿಲ್ಲ, ಕಕ್ಷಿದಾರರು ಬಂದಾಗ ಹೊರಗೆ ಕಳಿಸುತ್ತಾರೆ ಎಂದಾದರೆ ಹೊರಡಿ. ದೊಡ್ಡ ಹೆಸರಿನ ಆಫೀಸೇ ಹುಡುಕಬೇಡಿ. ಹನ್ನೆರಡು ಹದಿನೈದು ವರ್ಷ ಪ್ರಾಕ್ಟೀಸ್ ಆಗಿ, ಕೆಲಸ ಕೈಮೀರಿ, ಜೂನಿಯರ್ ಇಲ್ಲದೆ ಒದ್ದಾಡುತ್ತಿರುವವರು ನಿಮ್ಮ ಕೋರ್ಟಿನಲ್ಲೇ ಇಬ್ಬರು ಮೂವರು ಇರುತ್ತಾರೆ. ಅಂಥವರ ಹತ್ತಿರ ಒಂದು ವರ್ಷಕ್ಕೆ ಕಲಿಯುವುದನ್ನು ನಲವತ್ತು ವರ್ಷದ ಹೆಸರಿನ ನೆರಳಲ್ಲಿ ಐದು ವರ್ಷಕ್ಕೂ ಕಲಿಯಲ್ಲ. ಹೊರಡುವಾಗ ಒಂದು ತಿಂಗಳು ಮುಂಚೆ ಹೇಳಿ, ನಿಮ್ಮ ಕೈಯಲ್ಲಿರುವ ಫೈಲುಗಳ ಮುಂದಿನ ಡೇಟುಗಳ ಪಟ್ಟಿ ಬರೆದುಕೊಡಿ. ಅವರ ಕಕ್ಷಿದಾರರಿಗೆ ಫೋನು ಮಾಡಬೇಡಿ. ತಾವಾಗಿ ಬಂದರೂ ಹಳೆಯ ವಕೀಲರ ಒಪ್ಪಿಗೆ ಇಲ್ಲದೆ ವಕಾಲತ್ತು ಹಾಕಬೇಡಿ. ತಾಲ್ಲೂಕು ಕೋರ್ಟು ಚಿಕ್ಕದು, ಮೂವತ್ತು ವರ್ಷ ಅದೇ ಮುಖಗಳನ್ನು ನೋಡುತ್ತಿರಬೇಕು.

ಬೆಂಗಳೂರಿನ ಕಂಪನಿ ಕೆಲಸ ಕೀಳಲ್ಲ. ಮನೆಯಲ್ಲಿ ಸಾಲ ಇದ್ದರೆ, ತಮ್ಮನ ಓದು ನಿಮ್ಮ ಮೇಲಿದ್ದರೆ ಹೋಗಿ, ಯಾರಿಗೂ ವಿವರಣೆ ಕೊಡಬೇಕಿಲ್ಲ. ಆದರೆ ಲೆಕ್ಕ ಗೊತ್ತಿರಲಿ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ವಕೀಲರು ಪರಿಷತ್ತಿಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು, 49ನೇ ನಿಯಮ ಹೇಳುವುದು ಅದನ್ನೇ. ಸನ್ನದು ಜೇಬಿನಲ್ಲಿಟ್ಟುಕೊಂಡು ಎರಡೂ ಕಡೆ ಕಾಲಿಡುವಂತಿಲ್ಲ.

ಇದು ಜಡ್ಜ್ ಪರೀಕ್ಷೆಗೂ ತಾಗುತ್ತೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಕನಿಷ್ಠ ಮೂರು ವರ್ಷದ ಪ್ರಾಕ್ಟೀಸ್ ಬೇಕು ಎಂಬ ಹಳೆಯ ನಿಯಮವನ್ನು ವಾಪಸ್ ತಂದಿತು. ಎಣಿಕೆ ಶುರುವಾಗುವುದು ಎಐಬಿಇ ಪಾಸಾದ ದಿನದಿಂದಲ್ಲ, ತಾತ್ಕಾಲಿಕ ಸನ್ನದಿನ ದಿನದಿಂದ. ಅಂದರೆ ನಿಮ್ಮ ಒಂದೂವರೆ ವರ್ಷ ವ್ಯರ್ಥವಾಗಿಲ್ಲ, ಅರ್ಧ ದಾರಿ ಆಗಿದೆ. ಹತ್ತು ವರ್ಷ ಪೂರೈಸಿದ ವಕೀಲರ ಪ್ರಮಾಣಪತ್ರ, ಅದರ ಮೇಲೆ ನ್ಯಾಯಾಧೀಶರ ದೃಢೀಕರಣ ಬೇಕಾಗುತ್ತೆ. ಆದ್ದರಿಂದ ನೀವು ಹಾಜರಾದ ಕೇಸುಗಳ ಪಟ್ಟಿಯನ್ನು ಇವತ್ತಿನಿಂದಲೇ ಇಟ್ಟುಕೊಳ್ಳಿ: ಕೇಸ್ ನಂಬರ್, ದಿನ, ಏನು ಮಾಡಿದಿರಿ. ವಕಾಲತ್ತಿನಲ್ಲಿ ನಿಮ್ಮ ಹೆಸರೂ ಇರಲಿ ಎಂದು ಸೀನಿಯರ್‌ಗೆ ಹೇಳಿ. ಇದಕ್ಕೆ ಅವರಿಗೆ ದುಡ್ಡೇನೂ ಖರ್ಚಿಲ್ಲ, ಆದರೂ ಎಷ್ಟೋ ಆಫೀಸಿನಲ್ಲಿ ಜೂನಿಯರ್ ಹೆಸರು ಇರುವುದೇ ಇಲ್ಲ.

ಇಂಗ್ಲಿಷ್ ಭಯ ಸ್ವಲ್ಪ ಜಾಸ್ತಿಯೇ ಮಾಡಿಕೊಂಡಿದ್ದೀರಿ. ವಿಚಾರಣಾ ನ್ಯಾಯಾಲಯದಲ್ಲಿ ಸಾಕ್ಷಿ ಮಾತಾಡುವುದು ಕನ್ನಡ, ದಾಖಲಾಗುವುದು ಕನ್ನಡ, ವಾದಪತ್ರ ಕನ್ನಡದಲ್ಲೇ ಹಾಕಬಹುದು. ಕಾನ್ವೆಂಟ್ ಇಂಗ್ಲಿಷಿನ ಎಷ್ಟೋ ಜನ ಪಹಣಿ ಓದಲು ಬಾರದೆ ಗುಮಾಸ್ತರ ಮುಖ ನೋಡುತ್ತಾರೆ, ಅಲ್ವಾ? ಹೈಕೋರ್ಟಿಗೆ ಮಾತ್ರ ಇಂಗ್ಲಿಷ್ ಬೇಕು. ದಿನಕ್ಕೊಂದು ಪುಟ ಸಾಕ್ಷ್ಯವನ್ನು ಇಂಗ್ಲಿಷಿಗೆ, ಒಂದು ಪುಟ ತೀರ್ಪನ್ನು ಕನ್ನಡಕ್ಕೆ ಮಾಡಿ. ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಅನುವಾದದ್ದೇ ಒಂದು ಪತ್ರಿಕೆ ಇದೆ, ಇಶ್ಯೂಸ್ ಬರೆಯುವುದು, ತೀರ್ಪು ಬರೆಯುವುದು ಇನ್ನುಳಿದ ಪತ್ರಿಕೆಗಳಲ್ಲಿವೆ. ಮೇಲೆ ಹೇಳಿದ ಡ್ರಾಫ್ಟ್ ಇಶ್ಯೂಸ್ ಕೆಲಸಕ್ಕೆ ಎರಡು ಕಡೆ ಲಾಭ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಣ್ಣುಮಗಳು ಅಂತ ಆಫೀಸಿನಲ್ಲಿ ಜೀವನಾಂಶ, ವಿಚ್ಛೇದನದ ಫೈಲುಗಳನ್ನೆಲ್ಲ ನಿಮ್ಮ ಕಡೆ ತಳ್ಳುತ್ತಾರೆ. ಮಾಡಿ, ಆ ಹೆಂಗಸರೇ ನಿಮ್ಮ ಮೊದಲ ಸ್ವಂತ ಕಕ್ಷಿದಾರರಾಗುತ್ತಾರೆ. ಅದರ ಜೊತೆಗೆ ಒಂದಾದರೂ ಜಮೀನಿನ ಕೇಸು, ಒಂದಾದರೂ ಸೆಷನ್ಸ್ ಕೇಸು ಕೇಳಿ ಪಡೆಯಿರಿ. 'ಆ ಮೇಡಂ ಫ್ಯಾಮಿಲಿ ಕೇಸಿಗೆ ಮಾತ್ರ' ಎಂಬ ಹೆಸರು ಒಮ್ಮೆ ಅಂಟಿದರೆ ಬಿಡಿಸಿಕೊಳ್ಳಲು ಹತ್ತು ವರ್ಷ ಬೇಕು. ಸಂಜೆ ಕೊನೆಯ ಬಸ್ಸಿನ ಹೊತ್ತನ್ನು ಮೊದಲ ದಿನವೇ ಆಫೀಸಿನಲ್ಲಿ ಹೇಳಿಬಿಡಿ, ಅದಕ್ಕೆ ಸಂಕೋಚ ಬೇಡ.

ಕೊನೆಗೆ ನಿಮ್ಮ ಚಿಕ್ಕಪ್ಪನ ಮಗ. ಫೀ ಆಮೇಲೆ, ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಆ ಹೊಲ ಯಾವುದು? ಅಜ್ಜನ ಕಾಲದ ಪಿತ್ರಾರ್ಜಿತ ಜಮೀನಾಗಿದ್ದು ಅದರಲ್ಲಿ ನಿಮ್ಮ ತಂದೆಯ ಪಾಲೂ ಇದ್ದರೆ ಆ ಕೇಸು ಮುಟ್ಟಬೇಡಿ. ನಿಮ್ಮದೇ ಹಿತ ಅದರಲ್ಲಿ ಸೇರಿಕೊಂಡಿದೆ, ನಾಳೆ ನಿಮ್ಮ ಮನೆಯವರೇ ಸಾಕ್ಷಿ ಹೇಳಬೇಕಾಗಬಹುದು. ಬೇರೆ ವಕೀಲರನ್ನು ತೋರಿಸಿ. ಪಕ್ಕದ ಹೊಲದವನ ಜೊತೆ ಬದುವಿನ ಜಗಳವಾದರೆ ಧಾರಾಳವಾಗಿ ತಗೊಳ್ಳಿ, ಸೀನಿಯರ್‌ಗೆ ಹೇಳಿ ತಗೊಳ್ಳಿ. ದಾವೆಗೂ ಮುಂಚೆ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಗಡಿ ಗುರುತಿಲ್ಲದೆ ಹಾಕಿದ ತಡೆಯಾಜ್ಞೆ ದಾವೆಗಳು ಜಮೀನು ಯಾವುದು ಎಂಬಲ್ಲೇ ಮುಗ್ಗರಿಸುತ್ತವೆ.

ಸಂಬಂಧಿಕರಿಗೆ ಪುಕ್ಕಟೆ ಮಾಡಿದ ಕೇಸಿನಷ್ಟು ಬೈಗುಳ ತರುವ ಕೇಸು ಇನ್ನೊಂದಿಲ್ಲ. ಫೀ ಕಮ್ಮಿ ಮಾಡಿ, ಬಿಡಬೇಡಿ. ಕೋರ್ಟ್ ಫೀ, ಪ್ರೊಸೆಸ್ ಫೀ, ಟೈಪಿಂಗ್, ನಕಲು ಇಷ್ಟನ್ನು ಅವನೇ ಕೊಡಬೇಕು, ಅದು ನಿಮ್ಮ ಫೀ ಅಲ್ಲ. ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ, ಖರ್ಚು ಒಂದು ಕಡೆ, ಫೀ ಒಂದು ಕಡೆ ಬರೆದು ತೋರಿಸಿ. ಬಾಯಲ್ಲಿ ಕೇಳಲು ಬಾರದ್ದನ್ನು ಆ ಹಾಳೆ ಕೇಳುತ್ತೆ. 'ಗೆದ್ದ ಮೇಲೆ ಅರ್ಧ ಎಕರೆ ಕೊಡ್ತೀನಿ ತಂಗಿ' ಎಂದರೆ ಒಪ್ಪಬೇಡಿ, ಫಲಿತಾಂಶದ ಮೇಲೆ ಫೀ ಕಟ್ಟುವುದು ನಿಷಿದ್ಧ. ಮೂಲ ಪತ್ರಗಳನ್ನು ನೋಡಿ, ಝೆರಾಕ್ಸ್ ಇಟ್ಟುಕೊಂಡು, ಪಟ್ಟಿಗೆ ಸಹಿ ಹಾಕಿಸಿ ವಾಪಸ್ ಕೊಡಿ. ಫೀ ಬಾಕಿ ಉಳಿಸಿದ ಅಂತ ಮುಂದೆ ಅವನ ಫೈಲು ಹಿಡಿದಿಟ್ಟುಕೊಳ್ಳಲು ನಿಮಗೆ ಆಗುವುದಿಲ್ಲ, ವಕೀಲರಿಗೆ ಕಕ್ಷಿದಾರರ ಕಾಗದಗಳ ಮೇಲೆ ಅಂಥ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಹಾಗಾಗಿ ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಅರ್ಧ ಫೀ ಇಸಿದುಕೊಳ್ಳಿ, ಉಳಿದರ್ಧ ಸಾಕ್ಷ್ಯ ಶುರುವಾಗುವ ಮುಂಚೆ.